ಮೂರೂವರೆ ವರ್ಷದ ಸ್ಪ್ಯಾನಿಷ್ ಹಾಡಿನ ಕ್ಲಾಸು: ಒಬ್ಬ ಅಮ್ಮನ ಅನುಭವ

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಪಾರ್ಕಿನಲ್ಲಿ ಮಗಳ ಜೊತೆ ಆಡುವ ಎಷ್ಟೋ ಮಕ್ಕಳ ಮನೆಮಾತು ಸ್ಪ್ಯಾನಿಷ್. ಅವಳಿಗೆ ಒಂದೂವರೆ ವರ್ಷ ಆದಾಗ ಹತ್ತಿರದ ಒಂದು ಸ್ಪ್ಯಾನಿಷ್ ಸಂಗೀತದ ಕ್ಲಾಸಿಗೆ ಸೇರಿಸಿದೆ. ಈಗ ಐದು ತುಂಬುತ್ತಾ ಬಂತು. ವಾರಕ್ಕೊಮ್ಮೆ, 45 ನಿಮಿಷ. ಮಗುವಿನ ಜೊತೆ ನಾವೂ ನೆಲದ ಮೇಲೆ ಕೂತು ಹಾಡಬೇಕು. 10 ವಾರಕ್ಕೆ 260 ಡಾಲರ್.

ಮೊದಲ ನಾಲ್ಕು ತಿಂಗಳು ಅವಳು ಬಾಯಿ ಬಿಡಲಿಲ್ಲ. ಸುಮ್ನೆ ಮರಾಕಾ ಅನ್ನುವ ಗಿಲಕಿ ಅಲ್ಲಾಡಿಸುತ್ತಿದ್ದಳು. ಗ್ವಿರೊ ಅಂತ ಒಂದು ವಾದ್ಯ ಇದೆ. ಒಣಗಿದ ಸೋರೆ ಬುರುಡೆಯ ಮೇಲೆ ಸಾಲಾಗಿ ಗೀರು ಹಾಕಿರುತ್ತಾರೆ, ಕಡ್ಡಿಯಿಂದ ತಿಕ್ಕಿದರೆ ಕರಕರ ಸದ್ದು. ಅದು ಕೈಗೆ ಸಿಕ್ಕಿದರೆ ಬಿಡುತ್ತಲೇ ಇರಲಿಲ್ಲ. ದುಡ್ಡು ದಂಡ ಅಂದುಕೊಂಡೆ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ, "ಅಮ್ಮಾ, ಮಾಸ್ ಆಗ್ವಾ ಕೊಡು" ಅಂದಳು. ಇನ್ನಷ್ಟು ನೀರು ಬೇಕಂತೆ! ಅವತ್ತಿನ ಖುಷಿ ಇನ್ನೂ ಮರೆತಿಲ್ಲ.

ಕನ್ನಡದ ಮನೆಯ ಮಕ್ಕಳಿಗೆ ಈ ಭಾಷೆ ಬಾಯಿಗೆ ಬೇಗ ಒಗ್ಗುತ್ತದೆ. ಸ್ಪ್ಯಾನಿಷಿನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗೆ ತುಂಬಾ ಹತ್ತಿರ. ತ, ದ ಕೂಡ ನಮ್ಮ ಹಾಗೇ ನಾಲಿಗೆ ಹಲ್ಲಿಗೆ ತಾಗಿ ಬರುತ್ತವೆ. ಡೋಲಿಗೆ "ತಂಬೋರ್" ಅನ್ನುವಾಗ ಮಗಳನ್ನು ಯಾರೂ ತಿದ್ದಬೇಕಾಗಲಿಲ್ಲ.

ಸಂಗೀತದ ಸ್ವರಗಳಿಗೆ ಸ್ಪ್ಯಾನಿಷಿನಲ್ಲಿ ದೋ, ರೆ, ಮಿ, ಫಾ, ಸೋಲ್, ಲಾ, ಸಿ ಅನ್ನುತ್ತಾರೆ. ಮೈಸೂರಿನಿಂದ ನನ್ನ ಅಮ್ಮ ವಿಡಿಯೊ ಕಾಲ್‌ನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಹೇಳಿಕೊಡುತ್ತಾರೆ. ಮಗಳು ಅದಕ್ಕೂ ದೋ ರೆ ಮಿ ಸೇರಿಸಲು ಹೋದಳು, ಕೂಡಲಿಲ್ಲ. "ಪುಟ್ಟಿ, ಇದು ಮಾಯಾಮಾಳವಗೌಳ ರಾಗ. ನಿಮ್ಮ ಮಿಸ್ ಹೇಳಿಕೊಡೋದು ಶಂಕರಾಭರಣ" ಅಂದರು ಅಮ್ಮ. ಎರಡನ್ನೂ ನಿಧಾನವಾಗಿ ಹಾಡಿ ತೋರಿಸಿದರು. ರಿ ಮತ್ತು ಧ ಹೇಗೆ ಬೇರೆಯಾಗುತ್ತವೆ ಅಂತ ನಾನೂ ಅವತ್ತೇ ಸರಿಯಾಗಿ ಕೇಳಿಸಿಕೊಂಡಿದ್ದು.

ಕೊರತೆಯೂ ಇದೆ. ಹಾಡಿನಲ್ಲಿ ಕಲಿತ ಪದ ಹಾಡಿಗೇ ಅಂಟಿಕೊಂಡುಬಿಡುತ್ತದೆ. ಚೆಂಡಿನ ಬಣ್ಣ ಯಾವುದು ಅಂತ ಕೇಳಿದರೆ, ಬಣ್ಣದ ಹಾಡನ್ನು ಮೊದಲಿನಿಂದ ಹಾಡಿಯೇ "ರೋಹೊ", ಅಂದರೆ ಕೆಂಪು, ಅನ್ನಬೇಕಿತ್ತು ಅವಳು. ಮೊದಲ ಟೀಚರ್ ಇದನ್ನು ಬಿಡಿಸುತ್ತಿದ್ದರು. ಸಾಲಿನ ಕೊನೆಯ ಪದ ಹೇಳದೆ ನಿಲ್ಲಿಸಿ, ಮಕ್ಕಳ ಮುಖ ನೋಡುತ್ತಾ ಕಾಯುತ್ತಿದ್ದರು. ನಡುವೆ ಬಾಳೆಹಣ್ಣೋ ಚಪ್ಪಲಿಯೋ ಎತ್ತಿ ಹಿಡಿದು ಪದ ಬದಲಿಸುತ್ತಿದ್ದರು.

ಎರಡನೇ ವರ್ಷ ಅವರು ಬಿಟ್ಟು ಹೋದರು. ಬಂದವರು ಸ್ಪೀಕರಿನಲ್ಲಿ ಹಾಡು ಹಾಕಿ, ಪ್ರತಿ ಸಾಲಿಗೂ ಇಂಗ್ಲಿಷ್ ಅರ್ಥ ಹೇಳುತ್ತಿದ್ದರು. ಮಕ್ಕಳು ಇಂಗ್ಲಿಷಿಗೇ ಕಾಯತೊಡಗಿದರು, ಕಾಯದೆ ಇರುತ್ತಾರಾ? ಎರಡು ತಿಂಗಳು ಹೇಳಿ ಹೇಳಿ ಸಾಕಾಯಿತು. ಕೊನೆಗೆ ತಾವೇ ಗಿಟಾರ್ ನುಡಿಸಿ ಹಾಡುವವರು ಬಂದರು, ಕ್ಲಾಸಿಗೆ ಮತ್ತೆ ಜೀವ ಬಂತು. ಹಾಳಾದ ವಾರಗಳ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ನೀವು ಸೇರಿಸುವುದಾದರೆ ಮೊದಲು ಒಂದು ದಿನ ಕೂತು ನೋಡಿ. ಟೀಚರ್ ತಾವೇ ಹಾಡುತ್ತಾರಾ, ಮಗು ಬಾಯಿ ತೆರೆಯುವವರೆಗೆ ಕಾಯುತ್ತಾರಾ ಅಂತ ಗಮನಿಸಿ.

ಬರುವ ಆಗಸ್ಟಿನಲ್ಲಿ ಕಿಂಡರ್‌ಗಾರ್ಟನ್. ಇಲ್ಲಿ ಕೆಲವು ಸರ್ಕಾರಿ ಶಾಲೆಗಳಲ್ಲಿ ಎರಡೂ ಭಾಷೆಯಲ್ಲಿ ಕಲಿಸುವ ತರಗತಿಗಳಿವೆ. 90-10 ಪದ್ಧತಿ ಇರುವ ಕಡೆ ಮೊದಲ ವರ್ಷ 90% ಪಾಠ ಸ್ಪ್ಯಾನಿಷಿನಲ್ಲೇ. ಅದಕ್ಕೆ ಅರ್ಜಿ ಹಾಕಿದ್ದೇವೆ. ಅಲ್ಲಿಯವರೆಗೆ ಈ ಕ್ಲಾಸು ಇರಲಿ ಅಂತ ಮೊನ್ನೆ ಮತ್ತೆ 10 ವಾರಕ್ಕೆ ದುಡ್ಡು ಕಟ್ಟಿ ಬಂದೆ.