ಹನ್ನೆರಡು ಮಳೆಗಾಲ ಆಡಿದ ಮೇಲೆ: ಆಕರೀನಾ ಆಫ್ ಟೈಮ್

ಆಟಿ ತಿಂಗಳಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹರಿದರೆ ಮೂರು ನಾಲ್ಕು ದಿನ ಕತ್ತಲೆ. ತೋಟದಲ್ಲೂ ಕೆಲಸ ಕಡಿಮೆ. 2012ರ ಅಂಥ ಒಂದು ಮಳೆಗಾಲದಲ್ಲಿ, ದುಬೈಯಿಂದ ಬಂದಿದ್ದ ದೊಡ್ಡಪ್ಪನ ಮಗ ತನ್ನ ನಿಂಟೆಂಡೊ 3ಡಿಎಸ್ ಅನ್ನುವ ವಿಡಿಯೊ ಗೇಮ್ ಯಂತ್ರವನ್ನು ನನಗೆ ಕೊಟ್ಟು ಹೋದ. ಅದರೊಳಗೆ ಇದ್ದದ್ದು ಒಂದೇ ಕಾರ್ಟ್ರಿಡ್ಜ್, ‘ದಿ ಲೆಜೆಂಡ್ ಆಫ್ ಜೆಲ್ಡಾ: ಆಕರೀನಾ ಆಫ್ ಟೈಮ್’. ಅಂದಿನಿಂದ ಇವತ್ತಿನವರೆಗೆ ಐದು ಸಲ ಮುಗಿಸಿದ್ದೇನೆ. ಈಗ ಅಕ್ಕನ ಮಗ ಆಡುತ್ತಿದ್ದಾನೆ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ.

ಮೂಲ ಆಟ 1998ರ ನವೆಂಬರ್‌ನಲ್ಲಿ ನಿಂಟೆಂಡೊ 64 ಅನ್ನುವ ಹಳೆಯ ಯಂತ್ರಕ್ಕೆ ಬಂದದ್ದು. ನನ್ನ ಹತ್ತಿರ ಇರುವುದು 2011ರಲ್ಲಿ ಹೊಸದಾಗಿ ಮಾಡಿದ್ದು. ಚಿತ್ರ ಚೊಕ್ಕಟವಾಗಿದೆ, ಓಟ ನಯವಾಗಿದೆ. ಕೈಯಲ್ಲಿ ಹಿಡಿದು ಆಡುವ ಯಂತ್ರ ಆದ್ದರಿಂದ ಕರೆಂಟ್ ಹೋದರೂ ಆಟ ನಿಲ್ಲುವುದಿಲ್ಲ. ಮುಚ್ಚಳ ಮುಚ್ಚಿದರೆ ಆಟ ಅಲ್ಲೇ ಮಲಗುತ್ತದೆ, ತೆರೆದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಬ್ಯಾಟರಿ ಮಾತ್ರ ಮೂರು ನಾಲ್ಕು ಗಂಟೆ ಬಂದರೆ ಜಾಸ್ತಿ. ಎಷ್ಟೋ ಸಲ ಜೀಪಿನಲ್ಲಿ ಕೂತು ಚಾರ್ಜ್ ಮಾಡಿಕೊಂಡಿದ್ದೇನೆ.

ಕಥೆ ಸರಳ. ಕಾಡಿನಲ್ಲಿ ಬೆಳೆದ ಲಿಂಕ್ ಅನ್ನುವ ಹುಡುಗ ಒಂದು ಕತ್ತಿಯನ್ನು ಕಲ್ಲಿನಿಂದ ಎಳೆಯುತ್ತಾನೆ. ಕಣ್ಣು ಬಿಡುವಷ್ಟರಲ್ಲಿ ಏಳು ವರ್ಷ ಕಳೆದಿರುತ್ತದೆ. ಅವನು ಹೊರಗೆ ಬರುವ ಆ ಗಳಿಗೆಯೇ ಈ ಆಟದ ಜೀವ ಅಂತ ನನಗೆ ಅನಿಸುತ್ತದೆ. ಚಿಕ್ಕವನಾಗಿದ್ದಾಗ ನೋಡಿದ ಪೇಟೆಯಲ್ಲಿ ನಾಯಿ ಓಡಾಡುತ್ತಿತ್ತು, ಒಂದು ಜೋಡಿ ಸುತ್ತಿ ಸುತ್ತಿ ಕುಣಿಯುತ್ತಿತ್ತು. ಈಗ ಮನೆಗಳಿಗೆ ಚಾವಣಿ ಇಲ್ಲ. ಬೀದಿಯಲ್ಲಿ ನಿಂತಿರುವುದು ಹೆಣಗಳು. ಅವು ಕಿರುಚಿದರೆ ಕೈಕಾಲು ಆಡುವುದಿಲ್ಲ. ಪೇಟೆಯ ಜನ ಎಲ್ಲಿ ಹೋದರು? ಬೆಟ್ಟದ ಬುಡದ ಕಕಾರಿಕೋ ಊರಿಗೆ ಹೋದರೆ ಅದೇ ಮುಖಗಳು ಒಂದೊಂದಾಗಿ ಸಿಗುತ್ತವೆ.

ಮೊದಲ ಸಲ ಆಡಿದಾಗ ಇದು ನನಗೆ ಬರೀ ಕಥೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿಯಿತು. ಮಡಿಕೇರಿಯ ಪರಿಹಾರ ಕೇಂದ್ರಕ್ಕೆ ಅಕ್ಕಿ ಕೊಡಲು ಹೋದಾಗ, ಸಂತೆಯಲ್ಲಿ ವಾರವಾರ ನೋಡುತ್ತಿದ್ದ ಮುಖಗಳು ಅಲ್ಲಿ ಚಾಪೆ ಮೇಲೆ ಕೂತಿದ್ದವು. ಮರುವರ್ಷದ ಮಳೆಗಾಲದಲ್ಲಿ ಆಟ ಮತ್ತೆ ಶುರು ಮಾಡಿದೆ. ಕಕಾರಿಕೋಗೆ ಬಂದಾಗ ಮುಚ್ಚಳ ಮುಚ್ಚಿ ಸುಮ್ನೆ ಕೂತೆ.

ಆಕರೀನಾ ಅಂದರೆ ಊದುವ ಒಂದು ಮಣ್ಣಿನ ವಾದ್ಯ. ಆಟದಲ್ಲಿ ಯಂತ್ರದ ಐದು ಗುಂಡಿಗಳಲ್ಲಿ ಐದು ಸ್ವರ. ಆಟಕ್ಕೆ ಸಂಗೀತ ಮಾಡಿದ ಕೋಜಿ ಕೊಂಡೊ ಈ ಐದೇ ಸ್ವರದಲ್ಲಿ ಒಂದು ಡಜನ್ ಹಾಡು ಕಟ್ಟಿದ್ದಾರೆ, ಒಂದೂ ಇನ್ನೊಂದರಂತೆ ಕೇಳುವುದಿಲ್ಲ. ನನಗೆ ತುಂಬಾ ಇಷ್ಟ ಮಳೆ ತರಿಸುವ ಹಾಡು. ಎಲ್, ಆರ್, ಎ. ಇದೇ ಮೂರನ್ನು ಎರಡು ಸಲ ಒತ್ತಿದರೆ ಗುಡುಗಿ ಮಳೆ ಸುರಿಯುತ್ತದೆ. ಈ ಹಾಡನ್ನು ದೊಡ್ಡ ಲಿಂಕ್‌ಗೆ ಕಲಿಸುವವನು ಗಾಳಿಯಂತ್ರದ ಮನೆಯಲ್ಲಿರುವ ಒಬ್ಬ. ಏಳು ವರ್ಷದ ಹಿಂದೆ ಯಾರೋ ಹುಡುಗ ಬಂದು ಇದನ್ನು ಊದಿ ನನ್ನ ಯಂತ್ರ ಕೆಡಿಸಿದ ಅಂತ ಅವನಿಗೆ ಇನ್ನೂ ಸಿಟ್ಟು. ನೀವು ಹಾಡು ಕಲಿತು, ಹುಡುಗನಾಗಿ ಹಿಂದಕ್ಕೆ ಹೋಗಿ, ಅವನ ಮುಂದೆಯೇ ಊದುತ್ತೀರಿ. ಯಂತ್ರ ಜೋರಾಗಿ ತಿರುಗುತ್ತದೆ, ಊರ ಬಾವಿಯ ನೀರು ಇಳಿಯುತ್ತದೆ, ಒಳಗೆ ದಾರಿ ಸಿಗುತ್ತದೆ. ಅಕ್ಕನ ಮಗ ಕೇಳಿದ: “ಮಾವ, ಹಾಗಾದ್ರೆ ಈ ಹಾಡು ಮೊದಲು ಕಟ್ಟಿದ್ದು ಯಾರು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟದಲ್ಲೂ ಇಲ್ಲ.

ಇನ್ನು ಕೊರತೆಗಳು. ದೊಡ್ಡದು ನೀರಿನ ದೇವಾಲಯ. ಮೂರು ಜಾಗದಲ್ಲಿ ಹಾಡು ಊದಿ ನೀರನ್ನು ಮೂರು ಮಟ್ಟಕ್ಕೆ ಏರಿಸಿ ಇಳಿಸಬೇಕು. ಗದ್ದೆಗೆ ನೀರು ಕಟ್ಟಿ ಬೆಳೆದವನು ನಾನು. ಯಾವ ಬದು ಒಡೆದರೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು. ಆದರೂ ಇಲ್ಲಿ ಮೂರು ವಾರ ಸಿಕ್ಕಿಬಿದ್ದೆ. ನಡುವಿನ ಗೋಪುರದಲ್ಲಿ ನೀರು ಏರಿದಾಗ ಒಂದು ಕಟ್ಟೆ ತೇಲಿ ಮೇಲೆ ಬರುತ್ತದೆ, ಅದರ ಅಡಿಯಲ್ಲಿ ಒಂದು ಹೊಂಡ, ಆ ಹೊಂಡದೊಳಗೆ ಬೀಗದ ಕೈ. ತೇಲುವ ಕಟ್ಟೆಯ ಕೆಳಗೆ ನೋಡಬೇಕು ಅಂತ ಯಾರಿಗೆ ಹೊಳೆಯುತ್ತದೆ? ಹಳೆಯ ಆಟದಲ್ಲಿ ಕಬ್ಬಿಣದ ಬೂಟು ಹಾಕಲು, ತೆಗೆಯಲು ಪ್ರತಿ ಸಲವೂ ಆಟ ನಿಲ್ಲಿಸಿ ಮೆನುಗೆ ಹೋಗಬೇಕಿತ್ತು. 3ಡಿಎಸ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ನೀರಿನ ಮಟ್ಟ ಬದಲಿಸುವ ಜಾಗಕ್ಕೆ ಬಣ್ಣದ ಗೆರೆಗಳೂ ದಾರಿ ತೋರಿಸುತ್ತವೆ. ಒಗಟು ಮಾತ್ರ ಹಳೆಯದೇ. ಆದರೆ ಇದನ್ನೂ ಹೇಳಬೇಕು: ಕೊನೆಯ ರಾಕ್ಷಸ ಸತ್ತ ಮೇಲೆ, ಹೊರಗೆ ಬತ್ತಿ ಹೋಗಿದ್ದ ಕೆರೆ ತುಂಬುವುದನ್ನು ನೋಡಿದಾಗ ಆ ಮೂರು ವಾರ ದಂಡ ಅಂತ ಅನಿಸಲಿಲ್ಲ.

ಮಾತು ಜಾಸ್ತಿ. ಒಂದು ಗೂಬೆ ಬಂದು ಉದ್ದುದ್ದ ಹೇಳುತ್ತದೆ. ಬೇಗ ಮುಗಿಯಲಿ ಅಂತ ಗುಂಡಿ ಒತ್ತುತ್ತಾ ಹೋದರೆ ಕೊನೆಗೆ ತಪ್ಪು ಉತ್ತರ ಬಿದ್ದು ಮತ್ತೆ ಮೊದಲಿನಿಂದ ಹೇಳುತ್ತದೆ. ಪಾತ್ರಗಳು ಬಾಯಿ ಬಿಟ್ಟು ಮಾತಾಡುವುದಿಲ್ಲ, ಎಲ್ಲವನ್ನೂ ಓದಬೇಕು, ಅದೂ ಇಂಗ್ಲಿಷಿನಲ್ಲಿ. ಅಕ್ಕನ ಮಗನದು ಕನ್ನಡ ಶಾಲೆ, ನಾಲ್ಕನೇ ಕ್ಲಾಸು. ಒಂದೊಂದು ಸಾಲನ್ನೂ ನಾನು ಕನ್ನಡ ಮಾಡಿ ಹೇಳುತ್ತೇನೆ. ಹೇಳುವವರು ಇಲ್ಲದ ಮನೆಯ ಮಗು ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದೆ ಬಿಟ್ಟುಬಿಡುತ್ತದೆ. ಇದು ನನಗೆ ನಿಜವಾಗಿ ಬೇಜಾರಿನ ಸಂಗತಿ.

ನಡುವಿನ ದೊಡ್ಡ ಬಯಲು ಖಾಲಿ ಖಾಲಿ. ಕುದುರೆ ಸಿಗುವವರೆಗೆ ನಡೆದು ದಾಟುವುದು ಬೇಸರ. ಗುಹೆಗಳ ಒಳಗೆ ಸೇವ್ ಮಾಡಿ ಆಫ್ ಮಾಡಿದರೆ ಮುಂದಿನ ಸಲ ಬಾಗಿಲಿನಿಂದಲೇ ಶುರು.

ಕಾದಾಟ ಈಗಲೂ ಹಳೆಯದು ಅನಿಸುವುದಿಲ್ಲ. ಎಲ್ ಒತ್ತಿ ಹಿಡಿದರೆ ಲಿಂಕ್ ಶತ್ರುವಿನ ಮೇಲಿಟ್ಟ ಕಣ್ಣು ತೆಗೆಯುವುದಿಲ್ಲ. ನೀವು ಅವನ ಸುತ್ತ ಸುತ್ತಬಹುದು, ಹಿಂದಕ್ಕೆ ಹಾರಬಹುದು. ಬಿಲ್ಲು ಹಿಡಿದಾಗ ಯಂತ್ರವನ್ನೇ ತಿರುಗಿಸಿ ಗುರಿ ಇಡಬಹುದು. ಹುಡುಗ ಜಗಲಿಯ ಬೆಂಚಿನ ಮೇಲೆ ಕೂತು ಇಡೀ ಮೈ ತಿರುಗಿಸುತ್ತಾನೆ, ಅಜ್ಜಿ “ಬೀಳ್ತೀಯ ಮಗ” ಅನ್ನುತ್ತಾರೆ. ಅಂದಹಾಗೆ ಇಲ್ಲಿನ ದುಡ್ಡಿಗೂ ‘ರೂಪಿ’ ಅಂತಲೇ ಹೆಸರು. ಹಸಿರು ಹರಳು ಒಂದು, ನೀಲಿ ಐದು, ಕೆಂಪು ಇಪ್ಪತ್ತು. ಕೆರೆಯಲ್ಲಿ ಮೀನು ಹಿಡಿಯಲು 20 ಕೊಡಬೇಕು. ನಮ್ಮ ಹುಡುಗ ಗುಹೆ ಬಿಟ್ಟು ದಿನಗಟ್ಟಲೆ ಅಲ್ಲೇ ಗಾಳ ಹಾಕುತ್ತಾನೆ.

ಕೊಳ್ಳುವವರಿಗೆ ಒಂದು ಮಾತು. 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿದೆ, ಹಾಗಾಗಿ ಹಳೆಯ ಕಾರ್ಟ್ರಿಡ್ಜ್ ಹುಡುಕಬೇಕು. ಯಂತ್ರ ಯಾವ ಪ್ರದೇಶದ್ದೋ ಕಾರ್ಟ್ರಿಡ್ಜೂ ಅದೇ ಪ್ರದೇಶದ್ದಾಗಿರಬೇಕು, ಇಲ್ಲದಿದ್ದರೆ ಓಡುವುದಿಲ್ಲ. ನಿಂಟೆಂಡೊದ ಸ್ವಿಚ್ ಅನ್ನುವ ಯಂತ್ರ ಇದ್ದರೆ ಚಂದಾ ಕಟ್ಟಿ 64ರ ಹಳೆಯ ಆಟವನ್ನೇ ಆಡಬಹುದು, ಬೂಟಿನ ತೊಂದರೆ ಸಮೇತ. ನಮ್ಮಂಥ ಮಳೆಯ ಊರಿನವರು ಯಂತ್ರವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಬೂಷ್ಟು ಬೆಲ್ಟು, ಚಪ್ಪಲಿಯನ್ನೇ ಬಿಡುವುದಿಲ್ಲ, ಇದನ್ನು ಬಿಡುತ್ತದಾ?

ಹುಡುಗ ಮೊನ್ನೆ ನೀರಿನ ದೇವಾಲಯದೊಳಗೆ ಕಾಲಿಟ್ಟ. ಬೀಗದ ಕೈ ಎಲ್ಲಿದೆ ಅಂತ ನಾನು ಇನ್ನೂ ಹೇಳಿಲ್ಲ.