ಗೇಟ್ ವಾಲ್ವೋ, ಬಟರ್‌ಫ್ಲೈ ವಾಲ್ವೋ?

ಕೊಳವೆಯ ನೀರನ್ನು ಬಿಡಲು, ತಡೆಯಲು ಹಾಕುವ ವಾಲ್ವುಗಳಲ್ಲಿ ಇವೆರಡು ಬಗೆ. ಬೀದಿಯ ನೀರಿನ ವಿತರಣಾ ಕೊಳವೆ 80ರಿಂದ 200 ಮಿ.ಮೀ. ವ್ಯಾಸದ್ದಾದರೆ ಗೇಟ್ ವಾಲ್ವನ್ನೇ ಆರಿಸಿ. ಪೂರ್ತಿ ತೆರೆದಾಗ ಅದರ ಬಾಗಿಲು ಮೇಲಕ್ಕೆ ಸರಿದು ನೀರಿಗೆ ದಾರಿ ಬಿಡುತ್ತದೆ. ಬಟರ್‌ಫ್ಲೈನಲ್ಲಿ ತಿರುಗಿ ಮುಚ್ಚುವ ತಟ್ಟೆ ತೆರೆದಾಗಲೂ ಹರಿವಿನ ನಡುವೆಯೇ ನಿಂತಿರುತ್ತದೆ.

300 ಮಿ.ಮೀ. ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಗೇಟ್ ವಾಲ್ವಿನ ತೂಕ, ಬೆಲೆ, ಅದನ್ನು ಕೂರಿಸುವ ಗುಂಡಿಯ (ಚೇಂಬರಿನ) ಆಳ ಎಲ್ಲವೂ ಏರುತ್ತವೆ. ಅಲ್ಲಿ ಬಟರ್‌ಫ್ಲೈ ಹಗುರ, ಅಗ್ಗ. ಆದರೆ ನಿಧಾನವಾಗಿ ಮುಚ್ಚಲು ಗೇರ್‌ಬಾಕ್ಸ್ ಇರಲೇಬೇಕು. ಬರೀ ಹಿಡಿಯನ್ನು ಕಾಲು ಸುತ್ತು ತಿರುಗಿಸಿ ಫಕ್ಕನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಕೊಳವೆ ಒಡೆಯಬಹುದು.

ನಮ್ಮ ಎಷ್ಟೋ ಊರುಗಳಲ್ಲಿ ನೀರುಗಂಟಿಗಳು ಗೇಟ್ ವಾಲ್ವನ್ನು ಅರ್ಧ ತೆರೆದು ಬಡಾವಣೆಗಳಿಗೆ ನೀರು ಹಂಚುತ್ತಾರೆ. ದಯವಿಟ್ಟು ಇದನ್ನು ನಿಲ್ಲಿಸಿ. ಅರೆತೆರೆದ ಬಾಗಿಲು ಅದುರಿ ಅದುರಿ ಸವೆಯುತ್ತದೆ. ಆಮೇಲೆ ಬಿಗಿಯಾಗಿ ಮುಚ್ಚಿದರೂ ಸೋರುತ್ತದೆ. ಹರಿವು ತಗ್ಗಿಸುವ ಕೆಲಸಕ್ಕೆ ಬಟರ್‌ಫ್ಲೈ ವಾಸಿ.

ಗೇಟ್‌ನಲ್ಲಿ ರಬ್ಬರ್ ಹೊದಿಕೆಯ ಬಾಗಿಲಿನದನ್ನು ಕೊಳ್ಳಿ. ಬಾಗಿಲು ಕೂರುವ ಜಾಗ (ಸೀಟು) ಲೋಹದ್ದಾದರೆ ತಳದಲ್ಲಿ ತೋಡು ಇರುತ್ತದೆ, ಅದರಲ್ಲಿ ಹೂಳು ಕೂರುತ್ತದೆ. ಯಾವುದೇ ಕೊಂಡರೂ ವರ್ಷಕ್ಕೊಮ್ಮೆ ಪೂರ್ತಿ ಮುಚ್ಚಿ ತೆರೆದು, ಸುತ್ತು ಎಣಿಸಿ ಬರೆದಿಡಿ. 150 ಮಿ.ಮೀ. ಗೇಟ್ ವಾಲ್ವಿಗೆ ಸುಮಾರು 20 ಸುತ್ತು ಬೇಕು. ಮುಚ್ಚುವಾಗ 12ಕ್ಕೇ ನಿಂತರೆ ಬಲವಂತ ಬೇಡ, ಬಾಗಿಲನ್ನು ಏರಿಸಿಳಿಸುವ ಸ್ಪಿಂಡಲ್ (ತಿರುಪು ದಂಡ) ಮುರಿದೀತು. ಕೆಲವು ಸುತ್ತು ಹಿಂದಕ್ಕೆ ತಿರುಗಿಸಿ, ಹರಿವಿಗೆ ಹೂಳು ತೊಳೆದುಹೋಗಲು ಬಿಟ್ಟು, ಮತ್ತೆ ನಿಧಾನವಾಗಿ ಮುಚ್ಚಿ. ಓವರ್‌ಹೆಡ್ ಟ್ಯಾಂಕಿನ ಹೊರಕೊಳವೆ ಮತ್ತು ಆಸ್ಪತ್ರೆಗೆ ಹೋಗುವ ಕವಲಿನಿಂದಲೇ ಈ ಪರೀಕ್ಷೆ ಶುರುವಾಗಲಿ.