ಬೆರಳಿರುವ ಶೂ: ಮೆಟ್ಟಿ ಓಡುವ ಮೊದಲು

ಬರಿಗಾಲು ಎಂದರೆ ಕಾಲಲ್ಲಿ ಏನೂ ಇಲ್ಲ ಎಂದರ್ಥ. ಹಾಗಾಗಿ ‘ಬೇರ್‌ಫೂಟ್ ಶೂ’ ಅನ್ನುವುದನ್ನು ‘ಬರಿಗಾಲ ಶೂ’ ಎಂದ ಕೂಡಲೇ ಮಾತು ತನಗೆ ತಾನೇ ಅಡ್ಡ ಬೀಳುತ್ತದೆ. ಈ ಜಾತಿಯಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ವೈಬ್ರಮ್ ಕಂಪನಿಯ ಫೈವ್‌ಫಿಂಗರ್ಸ್, ಐದು ಬೆರಳಿಗೂ ಬೇರೆ ಬೇರೆ ಗೂಡಿರುವ ಶೂ. ಹೆಸರು ಇಂಗ್ಲಿಷಿನವರಿಗೆ ವಿಚಿತ್ರ, ಅವರಿಗೆ ಕೈಯದು ಫಿಂಗರ್, ಕಾಲಿನದು ಟೋ. ನಮಗೆ ಎರಡೂ ಬೆರಳೇ. ಇಟಲಿಯವರಿಗೂ ಎರಡಕ್ಕೂ ‘ದಿತೊ’ ಅನ್ನುವ ಒಂದೇ ಪದ; ವೈಬ್ರಮ್ ಇಟಲಿಯದೇ ಕಂಪನಿ.

ಅಟ್ಟೆ ಕೆಲವೇ ಮಿಲಿಮೀಟರ್ ದಪ್ಪ. ಹಿಮ್ಮಡಿಯ ಕಡೆಗೂ ಬೆರಳಿನ ಕಡೆಗೂ ಒಂದೇ ಎತ್ತರ. ಇದನ್ನೇ ‘ಜೀರೋ ಡ್ರಾಪ್’ ಅನ್ನುವುದು, ‘ಶೂನ್ಯ ಹನಿ’ ಎಂದು ಎಲ್ಲಾದರೂ ಕಂಡರೆ ನೀರಿಗೂ ಅದಕ್ಕೂ ಸಂಬಂಧವಿಲ್ಲ. ಕಮಾನಿಗೆ ಆಸರೆ ಇಲ್ಲ, ಮೆತ್ತೆ ಇಲ್ಲ. ಪಾದರಕ್ಷೆ ಅನ್ನುವ ಪದ ರಕ್ಷಣೆಯ ಮಾತು ಕೊಡುತ್ತದೆ. ಹಳೆಯ ‘ಮೆಟ್ಟು’ ಅಂಥ ಮಾತೇನೂ ಕೊಡುವುದಿಲ್ಲ. ಈ ಶೂಗೆ ಮೆಟ್ಟು ಅನ್ನುವುದೇ ಸರಿ. ಗಾಜಿನ ಚೂರು, ಕಾದ ಡಾಂಬರು, ಸಣ್ಣ ಜಲ್ಲಿ ಇವಿಷ್ಟರಿಂದ ಚರ್ಮವನ್ನು ಕಾಯುತ್ತದೆ. ಮೂಳೆಯನ್ನು ಕಾಯುವುದು ನಿಮ್ಮ ಓಟದ ರೀತಿ.

ಅಳತೆ ತಪ್ಪಿದರೆ ಇದರಷ್ಟು ಕಾಡುವ ಶೂ ಮತ್ತೊಂದಿಲ್ಲ. ಸಂಜೆ ಹೊತ್ತು, ಪೂರ್ತಿ ಭಾರ ಹಾಕಿ ನಿಂತು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಅತಿ ಉದ್ದದ ಬೆರಳಿನ ತುದಿಯವರೆಗೆ ಎರಡೂ ಕಾಲನ್ನು ಅಳೆಯಿರಿ. ಹೆಬ್ಬೆರಳಿಗಿಂತ ಎರಡನೆಯ ಬೆರಳು ಉದ್ದವಿದ್ದವರಿಗೆ ಆ ಒಂದು ಗೂಡು ಗಿಡ್ಡವಾಗಿ ಉಗುರು ಒತ್ತುತ್ತದೆ. ದೊಡ್ಡ ಸೈಜು ತಗೊಂಡರೆ ಉಳಿದ ನಾಲ್ಕು ಗೂಡುಗಳ ತುದಿ ಖಾಲಿ ಉಳಿದು ಎಡವುತ್ತದೆ. ಅಂಥವರು ಬೆರಳಿನ ಭಾಗ ಅಗಲವಾಗಿರುವ, ಗೂಡುಗಳಿಲ್ಲದ ತೆಳು ಅಟ್ಟೆಯ ಶೂ ನೋಡುವುದೇ ಮೇಲು. ಹಾಕಿಕೊಳ್ಳುವಾಗ ಹಿಮ್ಮಡಿಯನ್ನು ಕೊನೆಗೆ ಬಿಡಿ: ಮೊದಲು ಹೆಬ್ಬೆರಳು, ಆಮೇಲೆ ಒಂದೊಂದಾಗಿ ಉಳಿದವು, ಕಿರುಬೆರಳನ್ನು ಕೈಯಿಂದ ಹಿಡಿದು ಕೂರಿಸಿ, ಎಲ್ಲವೂ ಗೂಡಿನ ಸಂದಿಗೆ ತಾಗಿದ ಮೇಲೆ ಹಿಂಬದಿಯನ್ನು ಎಳೆಯಿರಿ. ಮೊದಲ ವಾರ ಐದು ನಿಮಿಷ ಹಿಡಿಯುತ್ತದೆ, ಆಮೇಲೆ ಬೆರಳುಗಳೇ ದಾರಿ ಕಲಿಯುತ್ತವೆ.

ಇನ್ನು ಓಟ. ಮಾತಿನ ಎಡವಟ್ಟು ನೇರ ಕಾಲಿಗೆ ಪೆಟ್ಟು ಕೊಡುವುದು ಇಲ್ಲಿ. ಇಂಗ್ಲಿಷಿನ ಸೂಚನೆಯಲ್ಲಿ ‘ಬಾಲ್ ಆಫ್ ದ ಫೂಟ್’ ಮೇಲೆ ಕಾಲಿಡಿ ಎಂದಿರುತ್ತದೆ. ಅದು ‘ಪಾದದ ಚೆಂಡು’ ಆದರೆ ಯಾರಿಗೂ ಅರ್ಥವಾಗದು, ಹಾನಿಯೂ ಇಲ್ಲ. ‘ಮುಂಗಾಲು’ ಎಂದರೆ ಹಸುವಿನದು ನೆನಪಾಗುತ್ತದೆ. ಅಪಾಯ ಇರುವುದು ‘ತುದಿಗಾಲು’ ಎಂದಾಗ. ಚೆನ್ನಾಗಿ ಗೊತ್ತಿರುವ ಪದ, ಓದಿದವರು ಹಾಗೇ ಮಾಡುತ್ತಾರೆ: ಹಿಮ್ಮಡಿಯನ್ನು ಎತ್ತಿ ಹಿಡಿದೇ ಓಡುತ್ತಾರೆ. ಎರಡೇ ವಾರದಲ್ಲಿ ಮೀನಖಂಡ ಕಲ್ಲಾಗುತ್ತದೆ (ಇಂಗ್ಲಿಷಿನಲ್ಲಿ ಮೀನಖಂಡಕ್ಕೂ ಹಸುವಿನ ಕರುವಿಗೂ ‘ಕಾಫ್’ ಒಂದೇ ಪದ, ಯಂತ್ರಾನುವಾದದಲ್ಲಿ ಇದು ‘ಕರು’ ಆಗಿಬಿಡಬಹುದು), ಹಿಮ್ಮಡಿಯ ಮೇಲಿನ ಅಕಿಲಿಸ್ ಹುರಿ ಊದಿಕೊಳ್ಳುತ್ತದೆ.

ಬಿಡಿಸಿ ಹೇಳಬೇಕೆಂದರೆ, ಬೆರಳುಗಳ ಬುಡದಲ್ಲಿ ಅಂಗಾಲು ದಪ್ಪಗೆ ಉಬ್ಬಿರುತ್ತದಲ್ಲ, ಆ ಉಬ್ಬಿನ ಕಿರುಬೆರಳ ಕಡೆಯ ಅಂಚು ಮೊದಲು ನೆಲ ಮುಟ್ಟಬೇಕು. ಆಮೇಲೆ ಉಬ್ಬು ಪೂರ್ತಿ, ಅದರ ಹಿಂದೆಯೇ ಹಿಮ್ಮಡಿ. ಹಿಮ್ಮಡಿ ಮುಟ್ಟಲೇಬೇಕು, ಭಾರ ಅದರ ಮೇಲೆ ದೊಪ್ಪನೆ ಬೀಳಬಾರದು ಅಷ್ಟೇ. ಮಂಡಿ ಸ್ವಲ್ಪ ಬಾಗಿರಲಿ, ಪಾದ ಮೈಯಿಂದ ದೂರ ಚಾಚದೆ ಸೊಂಟದ ಕೆಳಗೇ ಬೀಳಲಿ. ನಿಮಿಷಕ್ಕೆ 170ರಿಂದ 180 ಹೆಜ್ಜೆ ಇಟ್ಟರೆ ಇದರಲ್ಲಿ ಮುಕ್ಕಾಲು ಪಾಲು ತಾನಾಗಿ ಸರಿಹೋಗುತ್ತದೆ. ಕಲಿಯಲು ಹುಲ್ಲು, ಮರಳು ಬೇಡ. ಗಟ್ಟಿ, ನಯ ನೆಲವೇ ಒಳ್ಳೆಯದು. ಮೆತ್ತನೆಯ ನೆಲ ತಪ್ಪನ್ನು ಮುಚ್ಚಿಡುತ್ತದೆ.

ತಿಂಗಳಾದ ಮೇಲೆ ಶೂ ತಿರುಗಿಸಿ ಅಟ್ಟೆ ನೋಡಿ. ಉಬ್ಬಿನ ಅಡಿ ರಬ್ಬರು ಒಂದೇ ಕಡೆ ಬೇಗ ಸವೆದು ಹೊಳೆಯುತ್ತಿದ್ದರೆ ನೀವು ನೆಲವನ್ನು ಹಿಂದಕ್ಕೆ ಉಜ್ಜುತ್ತಿದ್ದೀರಿ. ಬೊಬ್ಬೆ ಬರುವುದೂ ಅಲ್ಲೇ. ಒದೆಯುವ ಬದಲು ಪಾದವನ್ನು ಮೇಲಕ್ಕೆ ಎತ್ತುವುದು ಅಭ್ಯಾಸವಾಗಬೇಕು. ಇಂಗ್ಲಿಷಿನಲ್ಲಿ ಕಾಲಿಗೂ ಶೂಗೂ ಒಂದೇ ‘ಸೋಲ್’, ನಮ್ಮಲ್ಲಿ ಅಂಗಾಲು ಬೇರೆ, ಅಟ್ಟೆ ಬೇರೆ. ಈ ಶೂ ವಿಚಾರದಲ್ಲಿ ಆ ಭೇದ ತುಂಬ ಮುಖ್ಯ. ನಿಜವಾದ ಬರಿಗಾಲಲ್ಲಿ ಅತಿಯಾದರೆ ಅಂಗಾಲಿನ ಚರ್ಮವೇ ಮೊದಲು ಉರಿದು ನಿಲ್ಲಿಸುತ್ತದೆ. ಅಟ್ಟೆ ಬಂದೊಡನೆ ಆ ಎಚ್ಚರಿಕೆ ಮಾಯ, ಪೆಟ್ಟು ಮಾತ್ರ ಮೂಳೆಗೆ ಹೋಗುತ್ತಲೇ ಇರುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 36 ಓಟಗಾರರನ್ನು ಹತ್ತು ವಾರ ಗಮನಿಸಿತು. ಈ ಶೂಗೆ ಬದಲಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು.

ಅದಕ್ಕೇ ಅವಸರ ಬೇಡ. ಎರಡು ವಾರ ಬರೀ ನಡಿಗೆ. ಆಮೇಲೆ ದಿನ ಬಿಟ್ಟು ದಿನ 400 ಮೀಟರ್ ಓಟ, ಉಳಿದದ್ದು ಹಳೆಯ ಶೂನಲ್ಲಿ. ಚೆನ್ನಾಗಿ ಒಗ್ಗುತ್ತಿದೆ ಅನ್ನಿಸಿದರೂ ವಾರಕ್ಕೆ ನೂರಕ್ಕೆ ಹತ್ತರಷ್ಟೇ ಹೆಚ್ಚಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಇದನ್ನು ಮುಟ್ಟಲೇಬಾರದು.

ಕಾಲು ಗಟ್ಟಿಯಾಗುತ್ತದೆ, ಗಾಯ ಕಡಿಮೆಯಾಗುತ್ತದೆ ಎಂಬ ಜಾಹೀರಾತಿಗೆ ಆಧಾರವಿಲ್ಲ ಎಂದು ಅಮೆರಿಕದಲ್ಲಿ ಮೊಕದ್ದಮೆ ಹೂಡಿದ್ದರು. 2014ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ 37.5 ಲಕ್ಷ ಡಾಲರಿಗೆ ರಾಜಿಯಾಯಿತು. ಬರಿಗಾಲು ಎಂದೊಡನೆ ಎಲ್ಲರೂ ನೆನೆಯುವ ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದರು, ನಿಜ. 1964ರಲ್ಲಿ ಟೋಕಿಯೊದಲ್ಲಿ ಶೂ ತೊಟ್ಟು ಅದಕ್ಕಿಂತ ಬೇಗ ಓಡಿ ಮತ್ತೆ ಗೆದ್ದರು. ಗಾಯ ವಾಸಿಮಾಡಲೆಂದು ಇದನ್ನು ಕೊಳ್ಳಬೇಡಿ. ಹೆಜ್ಜೆ ಹಗುರ ಮಾಡಿಕೊಳ್ಳಲು, ನೆಲದ ಅರಿವು ಕಾಲಿಗೆ ಬರಲು ಇದು ನಿಜಕ್ಕೂ ಒಳ್ಳೆಯ ಮೇಷ್ಟ್ರು.

ವಾಸನೆ ಖಂಡಿತ ಬರುತ್ತದೆ. ಬಟ್ಟೆಯ ಮಾದರಿಯನ್ನು ಮೆಷಿನ್ನಿಗೇ ಹಾಕಿ ಒಗೆದು ಗಾಳಿಗೆ ಒಣಗಿಸಿ, ಬಿಸಿ ತಾಗಿಸಬೇಡಿ. ಬೆರಳಿರುವ ಕಾಲುಚೀಲ ಹಾಕುವುದಾದರೆ ಅಳತೆಯನ್ನೂ ಚೀಲದ ಜೊತೆಗೇ ನೋಡಿ.

ಕೊನೆಯ ತೊಡಕು ‘ನೋವು’. ‘ಸೋರ್’ ಆದರೆ ಮುಂದುವರಿಸಿ, ‘ಪೇನ್’ ಆದರೆ ನಿಲ್ಲಿಸಿ ಎಂಬ ಸೂಚನೆ ಕನ್ನಡದಲ್ಲಿ ‘ನೋವು ಸಹಜ, ನೋವಾದರೆ ನಿಲ್ಲಿಸಿ’ ಎಂದಾಗಿ ಕೂರುತ್ತದೆ. ಮೀನಖಂಡ ಹಿಡಿದುಕೊಂಡಂತಿದ್ದು ಒಂದೆರಡು ದಿನದಲ್ಲಿ ಸಡಿಲವಾದರೆ ಭಯವಿಲ್ಲ. ಪಾದದ ಮೇಲ್ಭಾಗದಲ್ಲಿ ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ಚಳುಕು ಹೊಡೆದರೆ, ಒತ್ತಿದಾಗ ಪ್ರಾಣ ಹೋದಂತಾದರೆ, ಅದು ಮೂಳೆ ಬಿರುಕಿನ ಗುರುತು ಇರಬಹುದು. ಅಂದೇ ಶೂ ಬಿಚ್ಚಿಟ್ಟು ಡಾಕ್ಟರಿಗೆ ತೋರಿಸಿ.